ಮಾಡಿದವರಾರು, ಉಂಡವರಾರು

ಕೊಲೊರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ, ಮರಗಳೂ ಬೆಳೆಯಲು ಹಿಂಜರಿಯುವ ಎತ್ತರದಲ್ಲಿ, ಪುಟ್ಟ ಸರೋವರಗಳಿವೆ. ಅವುಗಳ ಮೇಲ್ಭಾಗದಲ್ಲಿ ಹೊಲವಿಲ್ಲ, ಕಾರ್ಖಾನೆಯಿಲ್ಲ, ಊರಿನ ಚರಂಡಿಯಿಲ್ಲ. ಬೀಳುವ ಹಿಮ, ಸುರಿಯುವ ಮಳೆ, ಅಷ್ಟೇ ಅವುಗಳ ಆದಾಯ. 2002ರಿಂದ 2007ರವರೆಗೆ ವಿಜ್ಞಾನಿಗಳು ಈ ಉದ್ಯಾನವೂ ಸೇರಿದಂತೆ ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾವರೆಗಿನ ಇಂಥ ಸರೋವರಗಳಿಂದ ಮೀನು ಹಿಡಿದು ಪರೀಕ್ಷಿಸಿದರು. ಅವುಗಳ ಮೈಯಲ್ಲಿ ಪಾದರಸವಿತ್ತು, ಡಿಡಿಟಿ, ಡೀಲ್ಡ್ರಿನ್ ಎಂಬ ಕೀಟನಾಶಕಗಳ ಶೇಷವಿತ್ತು. ಅಮೆರಿಕದಲ್ಲಿ ಡಿಡಿಟಿ ಬಳಕೆ ನಿಂತದ್ದು 1972ರಲ್ಲಿ, ಡೀಲ್ಡ್ರಿನ್ 1987ರಲ್ಲಿ. ಕೆಲವು ಸರೋವರಗಳ ಮೀನನ್ನೇ ನೆಚ್ಚಿ ಬದುಕುವವರಿದ್ದರೆ ಅವರ ಆರೋಗ್ಯಕ್ಕೆ ಅದು ಕ್ಷೇಮವಲ್ಲವೆಂದು ವರದಿ ಹೇಳಿತು. ಒಂದಷ್ಟು ಗಂಡು ಟ್ರೌಟ್‌ಗಳ ವೃಷಣದಲ್ಲಿ ಹೆಣ್ಣಿನ ಅಂಡಾಣುಗಳೂ ಕಂಡವು. ಅದಕ್ಕೆ ಈ ವಿಷಗಳೇ ಕಾರಣವೆಂದು ಸಾಬೀತಾಗಿಲ್ಲ, ಆದರೆ ಸಂಶಯ ಆ ಕಡೆಗೇ ಬೆರಳು ತೋರಿಸುತ್ತದೆ.

ವಿಷ ಅಷ್ಟು ಎತ್ತರಕ್ಕೆ ಹತ್ತುವ ಬಗೆ ಸರಳ. ಬಿಸಿ ಬಯಲಿನ ಮಣ್ಣಿನಿಂದ ಅದು ಆವಿಯಾಗಿ ಏಳುತ್ತದೆ, ಗಾಳಿಯಲ್ಲಿ ಸಾಗುತ್ತದೆ, ತಣ್ಣಗಿನ ಜಾಗ ಸಿಕ್ಕಾಗ ಹಿಮದೊಂದಿಗೆ ಇಳಿಯುತ್ತದೆ. ಬಿಸಿಲೇರಿದರೆ ಮತ್ತೆ ಎದ್ದು ಇನ್ನೊಂದು ಜಿಗಿತ. ಮಿಡತೆಯಂತೆ ಹಾರುತ್ತಾ ಕೊನೆಗೆ ಮತ್ತೆ ಏಳಲಾಗದಷ್ಟು ಚಳಿಯಿರುವ ಶಿಖರದಲ್ಲೋ ಧ್ರುವದಲ್ಲೋ ಕೂತುಬಿಡುತ್ತದೆ. ಪಿರೆನೀಸ್, ಆಲ್ಪ್ಸ್ ಪರ್ವತಗಳ ಮೀನುಗಳಲ್ಲೂ ಇದೇ ಕಂಡಿತು: ಸುಲಭವಾಗಿ ಆವಿಯಾಗದ ವಿಷಗಳು ಎತ್ತರದ ಸರೋವರಗಳಲ್ಲೇ ಹೆಚ್ಚು. ನೀರಿನಲ್ಲಿ ಕರಗದ ಇವು ಕೊಬ್ಬನ್ನು ಹುಡುಕಿ ಅಂಟಿಕೊಳ್ಳುತ್ತವೆ. ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಹೋಗುತ್ತ ಸಾಂದ್ರವಾಗುತ್ತವೆ. ಚಳಿನೀರಿನ ಮೀನು ನಿಧಾನವಾಗಿ ಬೆಳೆದು ಬಹುಕಾಲ ಬದುಕುತ್ತದೆ. ಆ ದೀರ್ಘಾಯುಸ್ಸೇ ಅದರ ಪಾಲಿಗೆ ಶಾಪ.

‘ಮಾಡಿದ್ದುಣ್ಣೋ ಮಹರಾಯ’ ಎಂದು ಕನ್ನಡದ ಅಜ್ಜಿಯರು ಹೇಳುತ್ತ ಬಂದರು. ಮಾಡಿದವನೇ ಉಣ್ಣಬೇಕು ಎಂಬ ಈ ನಂಬಿಕೆಯ ಹಿಂದೆ ಭಾರತೀಯ ತರ್ಕದ ಬಿಗಿಯಾದ ಕಟ್ಟಿದೆ. ಒಬ್ಬ ಮಾಡಿದ ಕರ್ಮದ ಫಲ ಅವನಿಗೆ ತಟ್ಟದೆ ಹೋದರೆ ಅದು ಕೃತನಾಶ. ಮಾಡದವನ ಮೇಲೆ ಫಲ ಬಂದು ಬಿದ್ದರೆ ಅಕೃತಾಭ್ಯಾಗಮ. ಎದುರಾಳಿಯ ಸಿದ್ಧಾಂತ ಈ ಎರಡಕ್ಕೆ ದಾರಿ ಮಾಡಿಕೊಡುತ್ತದೆ ಎಂದು ತೋರಿಸಿದರೆ ವಾದ ಗೆದ್ದಂತೆ. ಅಷ್ಟು ಅಸಂಗತವೆಂದು ಹಿಂದಿನವರು ತಿಳಿದಿದ್ದ ಎರಡು ದೋಷಗಳೂ ಆ ಟ್ರೌಟ್ ಮೀನಿನ ಮೈಯಲ್ಲಿ ಒಟ್ಟಿಗೆ ಕೂತಿವೆ. ಡೀಲ್ಡ್ರಿನ್ ಸಿಂಪಡಿಸಿದ ಹೊಲದ ಒಡೆಯ ಬೆಳೆ ಮಾರಿ, ಬಾಳಿ, ಮಣ್ಣಾದ. ಫಲ ಮಾತ್ರ ಅವನು ಎಂದೂ ನೋಡದ ಬೆಟ್ಟದ ನೀರಿನಲ್ಲಿ ಇನ್ನೂ ಕರಗದೆ ಉಳಿದಿದೆ.

ಇದಕ್ಕೊಂದು ಸುಲಭದ ಉತ್ತರ ಯಾವಾಗಲೂ ಸಿದ್ಧವಿರುತ್ತದೆ: ಉಂಡವರದೇ ಯಾವುದೋ ಪೂರ್ವಜನ್ಮದ ಪಾಪ. ಕಾಸರಗೋಡಿನ ಪಡ್ರೆಯಲ್ಲಿ, ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಅಂಗವೈಕಲ್ಯದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರಿಗೆ ಈ ಉತ್ತರ ಕೊಡಲು ಯಾರಿಗಾದರೂ ಬಾಯಿ ಬಂದೀತೆ? ಅದೇ ಎಂಡೋಸಲ್ಫಾನ್ ಅಮೆರಿಕದ ಆ ಉದ್ಯಾನಗಳ ಹಿಮದಲ್ಲೂ ಸಿಕ್ಕಿತು. ಕರ್ಮ ಸಿದ್ಧಾಂತ ಹುಟ್ಟಿದ್ದು ಮಾಡುವವನ ಕೈ ಹಿಡಿದು ನಿಲ್ಲಿಸಲು. ನೊಂದವನ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ಅನ್ಯಾಯ.

ಮಾಡಿದವರಾರು, ಉಂಡವರಾರು ಎಂಬ ಪ್ರಶ್ನೆಗೆ ಜೈನರು ಇನ್ನೂ ಹತ್ತಿರ ಬಂದಿದ್ದರು. ಅವರಿಗೆ ಕರ್ಮವೆಂದರೆ ಸೂಕ್ಷ್ಮವಾದ ಒಂದು ದ್ರವ್ಯವೇ. ಎಣ್ಣೆ ಹಚ್ಚಿದ ಮೈಗೆ ಧೂಳು ಹತ್ತುವಂತೆ ಅದು ರಾಗದ್ವೇಷಗಳ ಜಿಡ್ಡಿರುವ ಜೀವಕ್ಕೆ ಅಂಟುತ್ತದೆ. ಕೊಬ್ಬಿಗೆ ಅಂಟುವ ಡಿಡಿಟಿಯನ್ನು ಕಂಡವರಿಗೆ ಈ ಹೋಲಿಕೆ ಮೈ ಜುಮ್ಮೆನ್ನಿಸುತ್ತದೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಆ ಧೂಳು ಮಾಡಿದವನಿಗೇ ಹತ್ತುತ್ತಿತ್ತು.

ತಿಳಿಯದೆ ಆದದ್ದು ಪಾಪವೇ? ಎಚ್ಚರವಿಲ್ಲದೆ ನಡೆಯುವವನಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆಯ ದೋಷ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಕಾಲಡಿ ಜೀವ ಹೋದ ಮಾತ್ರಕ್ಕೆ ಬಂಧವಿಲ್ಲ ಎಂಬುದು ಜೈನ ಮುನಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ನಿಲುವು. ಆ ಅಳತೆಯಲ್ಲಿ 1950ರ ರೈತನಿಗೆ ಒಂದಿಷ್ಟು ಕ್ಷಮೆ ಸಿಗಬಹುದು. 1962ರಲ್ಲಿ ರೇಚೆಲ್ ಕಾರ್ಸನ್ ಕೀಟನಾಶಕಗಳ ಅಪಾಯ ಸಾರುವ ‘ಸೈಲೆಂಟ್ ಸ್ಪ್ರಿಂಗ್’ ಬರೆದ ಮೇಲೆ, ದಶಕಗಳ ಕಾಲ ವಿಷ ತಯಾರಿಸಿ ಮಾರುತ್ತಲೇ ಹೋದವರಿಗೆ ಅದು ಸಿಗದು. ತಿಳಿದ ಮೇಲಿನ ಅಲಕ್ಷ್ಯಕ್ಕೆ ಪ್ರಮಾದ ಎಂಬ ಹೆಸರೂ ಸಾಲದು.

ಧ್ರುವದತ್ತ ಹಾರಿದ ವಿಷವೂ ಮಾಡದವರಿಗೇ ತಟ್ಟಿತು. 1980ರ ದಶಕದಲ್ಲಿ ಕೆನಡಾದ ಉತ್ತರ ಕ್ವಿಬೆಕ್‌ನ ಮೂಲನಿವಾಸಿಗಳಾದ ಇನ್ಯೂಟ್ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದಾಗ ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕ ದಕ್ಷಿಣ ಕ್ವಿಬೆಕ್‌ನ ತಾಯಂದಿರಲ್ಲಿ ಇದ್ದದ್ದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಅವರು ಉಂಡದ್ದು ಅಜ್ಜ ಮುತ್ತಜ್ಜಂದಿರು ಉಂಡ ಸೀಲ್, ತಿಮಿಂಗಿಲ, ಮೀನು. ಈ ವಿಷಗಳ ತಡೆಗೆ ಜಾಗತಿಕ ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗ ಇನ್ಯೂಟ್ ನಾಯಕಿ ಶೀಲಾ ವಾಟ್-ಕ್ಲೂಟಿಯರ್ ತಾಯಿ-ಮಗುವಿನ ಒಂದು ಕೆತ್ತನೆಯನ್ನು ಕಾಣಿಕೆಯಾಗಿ ಕೊಟ್ಟರು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಬೀಳುವ ಮೊದಲಿನ ಆ ಮಾತುಕತೆಗಳಲ್ಲಿ ಅಧ್ಯಕ್ಷರ ಮೇಜಿನ ಮೇಲೆ ಆ ತಾಯಿ ಮಗುವನ್ನು ಹೊತ್ತು ಎಲ್ಲರೆದುರು ಕೂತಿದ್ದಳು.