ಕೇಳದೆ ಬಂದ ಉಪಕಾರ

ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಭಾನುವಾರ ಪೂಜೆ ಮುಗಿದು, ಮಧ್ಯಾಹ್ನದ ಊಟವಾದ ಮೇಲೆ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗನಿಗೆ ಲ್ಯಾಪ್‌ಟಾಪಿನಲ್ಲಿ ಆಟವಾಡಲು ಒಂದು ಗಂಟೆಯ ಅವಕಾಶ. ಉಳಿದ ಆರು ದಿನ ಅದು ಬೀರುವಿನಲ್ಲಿರುತ್ತದೆ. ಕಳೆದ ಮಳೆಗಾಲದ ಒಂದು ಭಾನುವಾರ ಅವನು ಕುರ್ಚಿ ಎಳೆದುಕೊಂಡು ಕುಳಿತಾಗ ಆಟ ತೆರೆಯಲಿಲ್ಲ. ಪರದೆಯ ಮೇಲೆ ಪಟ್ಟಿಯೊಂದು ಮೆಲ್ಲಮೆಲ್ಲನೆ ತೆವಳುತ್ತಿತ್ತು. ಆಟಗಳನ್ನು ನೋಡಿಕೊಳ್ಳುವ ತಂತ್ರಾಂಶವು ತನಗೆ ತಾನೇ ಅಪ್‌ಡೇಟ್ ಇಳಿಸಿಕೊಳ್ಳಲು ತೊಡಗಿತ್ತು. ನಮ್ಮದು ಮೊಬೈಲಿನಿಂದ ಪಡೆಯುವ ಸಂಪರ್ಕ. ದಿನಕ್ಕೆ ಒಂದೂವರೆ ಜಿಬಿ ಮಾತ್ರ. ಗಂಟೆ ಮುಗಿಯುವ ಮೊದಲೇ ಆ ದಿನದ ಡೇಟಾ ಮುಗಿಯಿತು. ಅಪ್‌ಡೇಟ್ ಅರ್ಧಕ್ಕೆ ನಿಂತಿತು, ಆಟವೂ ಆಗಲಿಲ್ಲ.

ನಾನು ನಕ್ಕುಬಿಟ್ಟೆ. "ಹೋಗಲಿ ಬಿಡೋ, ಆಟ ತಾನೇ" ಎಂದೆ. ಅವನು ನಗಲಿಲ್ಲ. "ಹೋದ ವಾರ ಅದು ಚೆನ್ನಾಗಿಯೇ ಇತ್ತಲ್ಲ ಪಪ್ಪ? ಬದಲಾಯಿಸುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?" ಎಂದ.

ಹಿರಿಯರಾದ ನಮಗೆ ಮಕ್ಕಳ ಇಂತಹ ದೂರುಗಳು ಕ್ಷುಲ್ಲಕವಾಗಿ ಕಾಣುವುದು ಸಹಜ. ಆದರೆ ಆ ಪ್ರಶ್ನೆಯನ್ನು ಆಟದಿಂದ ಬಿಡಿಸಿ ನೋಡಿದರೆ ಅದು ಅಷ್ಟು ಹಗುರವಲ್ಲ. ನಾನು ಹಣ ಕೊಟ್ಟು ತಂದ ವಸ್ತುವೊಂದು ನನ್ನ ಮನೆಯೊಳಗೆ ಇದೆ. ಅದನ್ನು ಮಾರಿದವನು ನನ್ನನ್ನು ಕೇಳದೆ ಒಳಬಂದು ಅದನ್ನು ಬದಲಿಸುತ್ತಾನೆ, "ನಿಮ್ಮ ಒಳ್ಳೆಯದಕ್ಕೇ" ಎನ್ನುತ್ತಾನೆ. ಒಳ್ಳೆಯದೇ ಆಗಿರಲೂಬಹುದು. ಆದರೂ ನನಗೆ ಅನ್ಯಾಯವಾಗಿದೆಯೇ?

ಮಾರಿದವನ ಪಕ್ಷವನ್ನು ಮೊದಲು ಕೇಳೋಣ. ಇಂತಹ ತಂತ್ರಾಂಶಗಳಲ್ಲಿ ಬಹು ಹೆಸರಾದದ್ದು ಅಮೆರಿಕದ ವಾಲ್ವ್ ಸಂಸ್ಥೆಯ ಸ್ಟೀಮ್. ಆಟಗಳ ಅಂಗಡಿಯೂ ಅದೇ, ಕೊಂಡ ಆಟಗಳನ್ನಿಡುವ ಕಪಾಟೂ ಅದೇ, ಕಪಾಟಿನ ಬೀಗವೂ ಅದೇ. 2003ರ ಸೆಪ್ಟೆಂಬರಿನಲ್ಲಿ ಅದು ಹೊರಬಂದುದರ ಹಿಂದೆ ಒಂದು ನೈಜ ಕಷ್ಟವಿತ್ತು. ಕೌಂಟರ್-ಸ್ಟ್ರೈಕ್‌ನಂತೆ ಹಲವರು ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ ಆಟಕ್ಕೆ ತಿದ್ದುಪಡಿ ಹೊರಟಾಗಲೆಲ್ಲ, ಎಲ್ಲರೂ ಅದನ್ನು ಹುಡುಕಿ ಹಾಕಿಕೊಳ್ಳುವವರೆಗೆ ಬಹುಪಾಲು ಆಟಗಾರರ ಸಂಪರ್ಕ ದಿನಗಟ್ಟಲೆ ಕಡಿದುಹೋಗುತ್ತಿತ್ತು. ಮೋಸದಾಟವನ್ನೂ ಕಳ್ಳಪ್ರತಿಗಳನ್ನೂ ತಡೆಯಬೇಕಾಗಿತ್ತು. ಹತ್ತು ಮಂದಿ ಕೂಡಿ ಆಡುವ ಅಂಗಳದಲ್ಲಿ ಒಬ್ಬೊಬ್ಬನಿಗೆ ಒಂದೊಂದು ನಿಯಮವಿದ್ದರೆ ಆಟ ನಡೆಯದು. ಕೇರಂ ಮಣೆಯ ಸುತ್ತ ಕುಳಿತವರೆಲ್ಲ ಒಂದೇ ಲೆಕ್ಕಕ್ಕೆ ಒಪ್ಪಲೇಬೇಕಲ್ಲವೇ? ಅಲ್ಲಿ ಅಪ್‌ಡೇಟ್ ಕಡ್ಡಾಯವಾಗುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತೊಡಕು ಹುಟ್ಟುವುದು ಒಬ್ಬನೇ ಕುಳಿತು ಆಡುವ ಆಟದಲ್ಲಿ. 2004ರ ನವೆಂಬರಿನಲ್ಲಿ ಹಾಫ್-ಲೈಫ್ 2 ಬಂದಾಗ, ಅಂಗಡಿಯಿಂದ ಸಿಡಿ ಕೊಂಡು ತಂದವರೂ ಅದನ್ನು ಸ್ಟೀಮ್‌ನಲ್ಲಿ ನೋಂದಾಯಿಸದೆ ಆಡುವಂತಿರಲಿಲ್ಲ. ಅಂದಿನಿಂದ ಆ ಬೀಗ ಶಾಶ್ವತವಾಯಿತು. ಇಂದು ಸ್ಟೀಮ್‌ನ ಆಯ್ಕೆಗಳನ್ನು ತೆರೆದು ನೋಡಿದರೆ ಆಟವನ್ನು ಕೂಡಲೇ ಪರಿಷ್ಕರಿಸು ಎನ್ನಬಹುದು, ನಾನು ಆಟ ತೆರೆಯುವಾಗ ಪರಿಷ್ಕರಿಸು ಎನ್ನಬಹುದು. ಬೇಡ, ಇದ್ದ ಹಾಗೆಯೇ ಇರಲಿ ಎಂಬ ಆಯ್ಕೆ ಆ ಪಟ್ಟಿಯಲ್ಲಿಲ್ಲ. ಸಂಪರ್ಕವನ್ನೇ ಕಡಿದುಕೊಂಡು ಆಡುವ ದಾರಿಯೊಂದಿದೆಯಾದರೂ ಅದು ಕಳ್ಳನಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಬದುಕಿದಂತೆ.

ಇದರ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಗ್ರ್ಯಾಂಡ್ ಥೆಫ್ಟ್ ಆಟೋ 4 ಎಂಬ ಆಟ 2008ರಲ್ಲಿ ಬಂದಿತು (ಅದು ಮಕ್ಕಳಿಗೆ ತಕ್ಕ ಆಟವಲ್ಲ ಎಂಬುದು ಬೇರೆ ಮಾತು). ಅದರಲ್ಲಿ ಕಾರು ಓಡಿಸುವಾಗ ರೇಡಿಯೊ ಕೇಳಬಹುದು. ರಷ್ಯನ್ ಹಾಡುಗಳ ಒಂದು ಕೇಂದ್ರವೂ ಇತ್ತು. ಹತ್ತು ವರ್ಷ ಕಳೆದು 2018ರಲ್ಲಿ ಕೆಲವು ಹಾಡುಗಳ ಹಕ್ಕಿನ ಅವಧಿ ತೀರಿತು. ಹೊಸದಾಗಿ ಕೊಳ್ಳುವವರಿಗೆ ಆ ಹಾಡುಗಳಿಲ್ಲ ಎಂದಿದ್ದರೆ ಸರಿಯಿತ್ತು. ಆದರೆ ಹಿಂದೆಯೇ ಹಣ ಕೊಟ್ಟು ಕೊಂಡವರ ಯಂತ್ರಗಳಿಂದಲೂ ಒಂದು ಅಪ್‌ಡೇಟ್ ಅವನ್ನು ತೆಗೆದುಹಾಕಿತು. ರಷ್ಯನ್ ಕೇಂದ್ರಕ್ಕೆ ಬೇರೆ ಹಾಡುಗಳನ್ನು ತುಂಬಿಸಿಕೊಟ್ಟರು, ನಿಜ. ಹತ್ತು ವರ್ಷ ಮನೆಯಲ್ಲಿದ್ದ ಪುಸ್ತಕದ ಒಂದು ಅಧ್ಯಾಯವನ್ನು ಪ್ರಕಾಶಕನು ರಾತ್ರಿ ಬಂದು ಹರಿದು ಬೇರೊಂದನ್ನು ಅಂಟಿಸಿ ಹೋದರೆ ನಾವು ಅದನ್ನು ಸೇವೆ ಎಂದು ಕರೆಯುತ್ತೇವೆಯೇ?

ಇನ್ನೊಂದು ಘಟನೆ ನನ್ನನ್ನು ಹೆಚ್ಚು ಕಾಡಿತು. ಫಾಲ್‌ಔಟ್ 4 ಎಂಬ 2015ರ ಆಟದ ಮೇಲೆ, ಲಂಡನ್ ನಗರವನ್ನು ಕಥಾಭೂಮಿಯಾಗಿಸಿ ಕೆಲವು ಹವ್ಯಾಸಿಗಳು ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದು ಹೊಸ ಆಟವನ್ನೇ ಕಟ್ಟಿದ್ದರು. 2024ರ ಏಪ್ರಿಲ್ 23ಕ್ಕೆ ಅದರ ಬಿಡುಗಡೆಯೆಂದು ಸಾರಿದ್ದೂ ಆಯಿತು. ಅಷ್ಟರಲ್ಲಿ ಮೂಲ ಆಟದ ಸಂಸ್ಥೆಯು ಏಪ್ರಿಲ್ 25ರಂದು ದೊಡ್ಡ ಅಪ್‌ಡೇಟ್ ಬಿಡುವುದಾಗಿ ಪ್ರಕಟಿಸಿತು. ಅದು ಬಂದರೆ ಇವರು ಕಟ್ಟಿದ್ದು ಮುರಿಯುತ್ತದೆಂದು ತಿಳಿದು ಬಿಡುಗಡೆಯನ್ನು ಮುಂದೂಡಬೇಕಾಯಿತು. ಕೊನೆಗೆ ಜುಲೈ 25ರಂದು, ಆಟದ ಹಳೆಯ ಆವೃತ್ತಿಗೆ ಹಿಂದಿರುಗಲು ಅವಕಾಶವಿರುವ ಗಾಗ್ ಎಂಬ ಅಂಗಡಿಯ ಮೂಲಕ ಅದು ಜನರ ಕೈ ಸೇರಿತು. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಸಂಸ್ಥೆ ತನ್ನ ಆಟವನ್ನು ಉತ್ತಮಪಡಿಸಲೆಂದೇ ಹೊರಟಿತ್ತು. ಆದರೆ ಉತ್ತಮ ಎಂಬುದನ್ನು ನಿರ್ಧರಿಸುವ ಅಧಿಕಾರ ಒಂದೇ ಕಡೆಯಲ್ಲಿದ್ದಾಗ, ಮತ್ತೊಂದು ಕಡೆಯ ವರ್ಷಗಳ ಬೆವರು ಲೆಕ್ಕಕ್ಕೇ ಬರುವುದಿಲ್ಲ.

ಹಳೆಯ ಯಂತ್ರವುಳ್ಳವರ ಪಾಡು ಇನ್ನೂ ಸರಳ. 2024ರ ಜನವರಿ 1ರಿಂದ ವಿಂಡೋಸ್ 7ಕ್ಕೆ ಸ್ಟೀಮ್‌ನ ಬೆಂಬಲವಿಲ್ಲ. ಅಣ್ಣನಿಂದ ತಮ್ಮನಿಗೆ ಬಂದ ಗಣಕಯಂತ್ರ ಹಾಗೆಯೇ ಇದೆ, ಆಟವೂ ಹಾಗೆಯೇ ಇದೆ, ಬೀಗ ಮಾತ್ರ ಬದಲಾಯಿತು.

"ಓದದೆ ಸಹಿ ಹಾಕಿದ್ದೀರಿ, ಕರಾರಿನಲ್ಲಿ ಎಲ್ಲ ಬರೆದಿದೆ" ಎಂದು ಸಂಸ್ಥೆಗಳ ಪರವಾಗಿ ಹೇಳುವವರಿದ್ದಾರೆ. ನಮ್ಮ ಕಡೆ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವವನಿಗೆ ತಾನು ಭೋಗ್ಯದವನೆಂದು ಗೊತ್ತಿರುತ್ತದೆ. ಗೋಡೆಗೆ ಮೊಳೆ ಹೊಡೆಯುವಾಗಲೂ ಅವನು ಯೋಚಿಸುತ್ತಾನೆ. ಕ್ರಯಪತ್ರವೆಂದು ತಲೆಬರಹ ಕೊಟ್ಟು ಒಳಗೆ ಸಣ್ಣಕ್ಷರದಲ್ಲಿ ಭೋಗ್ಯವೆಂದು ಬರೆದರೆ ಅದು ಬೇರೆಯೇ ಮಾತು. ಆಟದ ಅಂಗಡಿಗಳ ಗುಂಡಿಯ ಮೇಲೆ ಬಹುಕಾಲ ಇದ್ದ ಪದ 'ಕೊಳ್ಳಿ' ಎಂಬುದೇ. ಕ್ಯಾಲಿಫೋರ್ನಿಯಾ ರಾಜ್ಯವು 2024ರಲ್ಲಿ ಒಂದು ಕಾನೂನನ್ನು ಮಾಡಿ, ಇಂತಹ ಡಿಜಿಟಲ್ ವಸ್ತುಗಳನ್ನು ಮಾರುವಾಗ ಗ್ರಾಹಕನಿಗೆ ದೊರೆಯುವುದು ಬಳಸುವ ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟಪಡಿಸಬೇಕೆಂದು ವಿಧಿಸಿತು. 2025ರ ಜನವರಿಯಿಂದ ಅದು ಜಾರಿಯಲ್ಲಿದೆ. ಸ್ಟೀಮ್ ಕೂಡ 2024ರ ಅಕ್ಟೋಬರಿನಿಂದಲೇ ಹಣ ಕಟ್ಟುವ ಪುಟದಲ್ಲಿ ಆ ಮಾತನ್ನು ತೋರಿಸತೊಡಗಿತು. ಪ್ರಾಮಾಣಿಕತೆಯ ಮೊದಲ ಹೆಜ್ಜೆಯೆಂದು ಇದನ್ನು ಮೆಚ್ಚಬೇಕು. ಆದರೆ ಹೇಳುವುದು ಬೇರೆ, ಕೇಳುವುದು ಬೇರೆ. ನಮ್ಮ ಭಾಷೆಯಲ್ಲಿ ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ 'ಕೇಳು' ಎಂಬ ಒಂದೇ ಪದವಿದೆ. ಬೇಕೇ ಎಂದು ಕೇಳದವನು, ಬೇಡ ಎಂಬುದನ್ನು ಕೇಳಿಸಿಕೊಳ್ಳುವ ಪ್ರಸಂಗವೇ ಬರದಂತೆ ನೋಡಿಕೊಂಡಿರುತ್ತಾನೆ.

ಇಷ್ಟೆಲ್ಲವನ್ನೂ ಯೋಚಿಸಿ, ಮಗನ ಪಕ್ಷದಲ್ಲಿ ನ್ಯಾಯವಿದೆಯೆಂದು ತೀರ್ಮಾನಿಸಿ, ಒಂದು ಸಂಜೆ ಅವನಿಗೆ ಹಾಗೆಂದು ಹೇಳಲು ಹೋದೆ. ಅವನು ಸುಮ್ಮನೆ ಕೇಳಿಸಿಕೊಂಡು, "ನೀವೂ ಹಾಗೇ ಮಾಡಿದಿರಲ್ಲ ಪಪ್ಪ" ಎಂದ.

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಭಾನುವಾರದ ಆಟ ಮೊದಲು ಒಂದೂವರೆ ಗಂಟೆ ಇತ್ತು. ಗಣಿತದಲ್ಲಿ ಅಂಕಗಳು ಇಳಿದಾಗ ನಾನು ಲ್ಯಾಪ್‌ಟಾಪಿನ ಪೋಷಕರ ನಿಯಂತ್ರಣವನ್ನು ತೆರೆದು ಅದನ್ನು ಒಂದು ಗಂಟೆಗೆ ಇಳಿಸಿದ್ದೆ. ಅವನಿಗೆ ಹೇಳಿರಲಿಲ್ಲ, ಹೇಳಿದರೆ ಅಳು, ಜಗಳ, ಅವನ ಅಮ್ಮನ ಶಿಫಾರಸು. ಆಟದ ನಡುವೆ ಪರದೆ ಮುಚ್ಚಿಕೊಂಡಾಗಲೇ ಅವನಿಗೆ ತಿಳಿದದ್ದು. ಯಂತ್ರ ಕೆಟ್ಟಿತೆಂದು ಭಾವಿಸಿ ಎರಡು ವಾರ ನನ್ನ ಬಳಿ ಹೇಳಲು ಹೆದರಿದ್ದನಂತೆ.

ತಂದೆಯೂ ವ್ಯಾಪಾರಿಯೂ ಒಂದೇ ಅಲ್ಲ ಎಂದು ನನ್ನನ್ನು ಸಮರ್ಥಿಸಿಕೊಳ್ಳಬಹುದು, ಅದು ಸುಳ್ಳೂ ಅಲ್ಲ. ಮಗನ ಹೊಣೆ ನನ್ನದು. ಹದಿನಾಲ್ಕರ ಹುಡುಗನ ಒಪ್ಪಿಗೆಯ ಮೇಲೆಯೇ ಮನೆಯ ಎಲ್ಲ ಕಟ್ಟಳೆಗಳೂ ನಿಲ್ಲಲಾರವು. ಪ್ರಾಯಕ್ಕೆ ಬಂದ ಗ್ರಾಹಕನನ್ನು ಮಗುವಿನಂತೆ ನಡೆಸಿಕೊಳ್ಳುವ ಸಂಸ್ಥೆಗೆ ಅಂತಹ ಹೊಣೆಯೂ ಇಲ್ಲ, ಅಧಿಕಾರವೂ ಇಲ್ಲ. ಆದರೆ ಒಪ್ಪಿಗೆ ಬೇಡದ ಕಡೆಯಲ್ಲೂ ತಿಳಿಸುವ ಋಣ ಉಳಿದೇ ಇರುತ್ತದೆ. ನಾನು ಹೇಳದಿದ್ದುದು ಅವನ ಹಿತಕ್ಕಾಗಿ ಅಲ್ಲ. ನನಗೆ ವಾದ ಬೇಕಿರಲಿಲ್ಲ, ಅಷ್ಟೇ. ತಂತ್ರಾಂಶ ಬರೆಯುವವರೂ ಅನೇಕ ಸಲ ಇದೇ ಕಾರಣಕ್ಕೆ ಕೇಳುವುದಿಲ್ಲವೇನೋ.

ಮರುದಿನ ಊಟದ ಮೇಜಿನಲ್ಲಿ ಅವನ ಅಂಕಪಟ್ಟಿಯನ್ನಿಟ್ಟು ಕಾರಣ ಹೇಳಿದೆ. ನಿರೀಕ್ಷಿಸಿದಂತೆ ವಾದವಾಯಿತು, ಅವನ ಅಮ್ಮನ ಶಿಫಾರಸೂ ಆಯಿತು. ಕೊನೆಗೆ ಒಂದು ಗಂಟೆಯೇ ಉಳಿಯಿತು. ಮುಂದಿನ ಪರೀಕ್ಷೆಯ ನಂತರ ಮತ್ತೆ ಮಾತಾಡುವುದೆಂದು ಒಪ್ಪಂದವಾಯಿತು. ಅಪ್‌ಡೇಟಿಗೆ ಮಾತ್ರ ಒಂದು ಉಪಾಯ ಕಂಡುಕೊಂಡಿದ್ದೇವೆ. ಶನಿವಾರ ಸಂಜೆ ಅವನು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆ ಹಿಡಿದು, ವೈಫೈ ಇರುವ ಚಿಕ್ಕಪ್ಪನ ಮನೆಗೆ ಹೊರಡುತ್ತಾನೆ. ಹೊರಡುವ ಮುಂಚೆ ಫೋನ್ ಮಾಡಿ, "ಚಿಕ್ಕಪ್ಪ, ಇವತ್ತು ಬರಬಹುದಾ?" ಎಂದು ಕೇಳುತ್ತಾನೆ.