ಕೈಕೆಳಗಿನವರ ಸುಳ್ಳಿಗೆ ಯಾರು ಹೊಣೆ?



ಉಳ್ಳಾಲದ ಹಿರಿಯರಿಗೆ ಹಂಚಿನ ಕಾರ್ಖಾನೆಯ ಸಂಗತಿ ಹೊಸದಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಈ ಉದ್ಯೋಗವನ್ನು ಆರಂಭಿಸಿದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ಸುಟ್ಟ ಹಂಚನ್ನು ತಟ್ಟಿ ನೋಡುವ ಕ್ರಮ ನಿಮಗೆ ಗೊತ್ತಿರಬಹುದು. ಒಳ್ಳೆಯ ಹಂಚು ಗಂಟೆಯಂತೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಬೊಡ್ಡು ಸ್ವರ ಹೊರಡಿಸುತ್ತದೆ. ಹಂಚು ಸುಳ್ಳು ಹೇಳುವುದಿಲ್ಲ. ಹೇಳುವುದಾದರೆ ತಟ್ಟಿ ನೋಡಿದವನೇ ಹೇಳಬೇಕು.

ನಾನು ದುಡಿದದ್ದು ಹಂಚಿನ ಕಾರ್ಖಾನೆಯಲ್ಲಲ್ಲ. ಊರು ಬಿಟ್ಟು, ದೂರದ ಒಂದು ಪೈಪ್ ಕಾರ್ಖಾನೆಯಲ್ಲಿ. ಈ ಉದ್ಯೋಗವೂ ನಮ್ಮ ನಾಡಿಗೆ ಹಳೆಯದೇ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಪೈಪುಗಳು ತಯಾರಾಗುತ್ತಿದ್ದವು. ನಾನಿದ್ದ ಕಡೆ ಕುಡಿಯುವ ನೀರಿನ ಕಬ್ಬಿಣದ ಪೈಪುಗಳಿಗೆ ಕೊನೆಯ ರೂಪ ಕೊಡುವ ಫಿನಿಶಿಂಗ್ ವಿಭಾಗಕ್ಕೆ ನಾನು ಸೂಪರ್‌ವೈಸರ್. ತುದಿಗಳನ್ನು ಉಜ್ಜಿ ಸರಿಮಾಡುವುದು, ಒಳಗೆ ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷಿಸುವುದು, ಅನಂತರ ಒಳಮೈಗೆ ಸಿಮೆಂಟ್ ಲೇಪ, ಹೊರಮೈಗೆ ಕಪ್ಪು ಬಣ್ಣ, ಕಡೆಗೆ ಗುರುತಿನ ಅಕ್ಷರ. ಇವುಗಳಲ್ಲಿ ನೀರಿನ ಪರೀಕ್ಷೆಯೇ ಮುಖ್ಯ. ಸೂಜಿಮೊನೆಯಷ್ಟು ರಂಧ್ರವಿದ್ದರೂ ಪೈಪಿನ ಮೈಮೇಲೆ ನೀರಿನ ಒಂದು ಮಣಿ ಮೂಡುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಪೈಪನ್ನು ಬದಿಗಿಡಬೇಕು. ಒಮ್ಮೆ ಸಿಮೆಂಟ್ ಲೇಪವಾಯಿತೆಂದರೆ ಆ ರಂಧ್ರ ಮುಚ್ಚಿಹೋಗುತ್ತದೆ. ಮತ್ತೆ ಪರೀಕ್ಷೆ ಮಾಡಿದರೂ ಕಾಣಲಾರದು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ತಿಂಗಳ ಕೊನೆ, ಮಾಲು ಕಳುಹಿಸುವ ಅವಸರ. ಪರೀಕ್ಷೆಯ ಜಾಗದಲ್ಲಿದ್ದ ಹುಡುಗನೊಬ್ಬ, ನೀರು ಜಿನುಗಿದಂತೆ ಕಾಣುತ್ತದೆಂದು ಕೆಲಸ ನಿಲ್ಲಿಸಿದ. ನೋಡಿದರೆ ಅದು ಹೊರಗಿನಿಂದ ಸಿಡಿದ ನೀರು, ಪೈಪಿನಲ್ಲಿ ದೋಷವಿರಲಿಲ್ಲ. ಇಪ್ಪತ್ತು ಜನರ ಎದುರಿಗೆ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಮರುವಾರ ರಾತ್ರಿ ಪಾಳಿಯಲ್ಲಿ ನಿಜವಾಗಿಯೇ ಒಂದು ಪೈಪಿನ ಮೇಲೆ ಮಣಿ ಮೂಡಿತು. ಅವನು ಅದನ್ನು ಬಟ್ಟೆಯಿಂದ ಒರೆಸಿ ಪೈಪನ್ನು ಮುಂದಕ್ಕೆ ಬಿಟ್ಟ. ಮರುದಿನ ಹಿರಿಯ ಕೆಲಸಗಾರನೊಬ್ಬ ನನ್ನ ಕಿವಿಯಲ್ಲಿ ಇದನ್ನು ಹೇಳಿದ. ಹುಡುಗನನ್ನು ಕರೆಸಿ ಕೇಳಿದೆ.

"ಹೇಳಿದ್ರೆ ನೀವು ಪುನಃ ಬೈತೀರಂತ ಹೆದ್ರಿ ಹೇಳ್ಲಿಲ್ಲ ಸರ್" ಎಂದ.

ಯಾವ ಪೈಪೆಂದು ಅವನಿಗೆ ನೆನಪಿರಲಿಲ್ಲ. ಅಷ್ಟರಲ್ಲಿ ಆ ಪಾಳಿಯ ಪೈಪುಗಳಿಗೆಲ್ಲ ಸಿಮೆಂಟ್ ಲೇಪವಾಗಿತ್ತು. ಒಂದಕ್ಕಾಗಿ ಎಲ್ಲವನ್ನೂ ತಡೆಹಿಡಿಯಬೇಕು. ಮ್ಯಾನೇಜರರಿಗೆ ಹೇಳಲು ಹೊರಟವನು ಅವರ ಬಾಗಿಲಿನವರೆಗೆ ಹೋಗಿ ಹಿಂದಿರುಗಿದೆ. ಅವರು ಏನೆಂದಾರು ಎಂಬ ಹೆದರಿಕೆ. ಆ ಹುಡುಗನ ಹೆದರಿಕೆಯೇ ನನ್ನಲ್ಲಿಯೂ ಇತ್ತು, ಅವನದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಷ್ಟೆ.

ಶುಭಸಂದೇಶದ ಶತಾಧಿಪತಿಯನ್ನು ನೆನಪಿಸಿಕೊಳ್ಳಿ. ತಾನೂ ಇನ್ನೊಬ್ಬರ ಅಧಿಕಾರದ ಕೆಳಗಿರುವವನು, ತನ್ನ ಕೆಳಗೂ ಸೈನಿಕರಿದ್ದಾರೆ ಎಂದು ಅವನು ಪ್ರಭುವಿನ ಮುಂದೆ ಹೇಳಿಕೊಂಡ. ಅವನು ಬಂದದ್ದಾದರೂ ಯಾರಿಗಾಗಿ? ಹಾಸಿಗೆ ಹಿಡಿದ ತನ್ನ ಸೇವಕನಿಗಾಗಿ. ಮೇಲೆ ಕೆಳಗೆ ಎರಡೂ ಕಡೆ ಕಟ್ಟುಬಿದ್ದವನಾದರೂ ಅವನ ಕಣ್ಣು ಕೆಳಗಿನವನ ಮೇಲಿತ್ತು. ನನ್ನ ಕಣ್ಣು ಯಾವಾಗಲೂ ಮೇಲಿನವರ ಮುಖದ ಮೇಲೆಯೇ ಇರುತ್ತಿತ್ತು.

ಮಧ್ಯಾಹ್ನ ಧೈರ್ಯ ಮಾಡಿ ಹೋಗಿ ಹೇಳಿದೆ. ಪೈಪುಗಳನ್ನು ತಡೆದರು. ನನಗೆ ಬೈಗುಳ ಸಿಕ್ಕಿತು. ಹುಡುಗನಿಗೆ ಒಂದು ವಾರದ ಸಂಬಳ ಹೋಯಿತು. ಹಿಂದಿನ ವಾರ ನಾನು ಅವನನ್ನು ಹೇಗೆ ಬೈದಿದ್ದೆನೆಂಬುದನ್ನು ಮಾತ್ರ ನಾನು ಹೇಳಲಿಲ್ಲ. ಪೈಪಿನ ದೋಷವನ್ನು ಒಪ್ಪಿಕೊಂಡವನು ನನ್ನ ದೋಷವನ್ನು ಒರೆಸಿಬಿಟ್ಟೆ.

ಸುಳ್ಳು ಹೇಳಿದವನು ಅವನಲ್ಲವೇ, ನಿಮ್ಮದೇನು ತಪ್ಪು ಎಂದು ನೀವು ಕೇಳಬಹುದು. ಅವನ ತಪ್ಪು ಅವನದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಣೆ ಎಂಬುದು ಹಂಚಿಕೊಂಡರೆ ಕಡಿಮೆಯಾಗುವ ವಸ್ತುವಲ್ಲ. ಅವನ ಪಾಲು ಪೂರ್ತಿಯಾಗಿ ಉಳಿದೂ ನನ್ನ ಪಾಲು ನನ್ನ ಮೇಲಿರುತ್ತದೆ. ನಿಜ ಹೇಳಿದವನಿಗೆ ನಾನು ಶಿಕ್ಷೆ ಕೊಟ್ಟೆ, ಅದರಿಂದ ಅವನು ಪಾಠ ಕಲಿತ. ಕಲಿಸಿದವನು ನಾನೇ.

ಗದರಿಸದಿದ್ದರೆ ಕೆಲಸ ನಡೆಯುತ್ತದೆಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆ ಪೈಪು ಎಲ್ಲೋ ಒಂದು ಊರಿನ ನೆಲದಡಿ ಸೇರುವಂಥದ್ದು. ಬೇಸಿಗೆಯಲ್ಲಿ ಕಡಲತೀರದ ಬಾವಿಗಳಲ್ಲಿ ಉಪ್ಪು ಏರಿದಾಗ ನಳ್ಳಿಯ ನೀರಿಗಾಗಿ ಕೊಡ ಹಿಡಿದು ಕಾಯುವ ಕಷ್ಟ ನಮಗೆ ತಿಳಿದೇ ಇದೆ. ಆದ್ದರಿಂದ ದೋಷದ ವಿಷಯದಲ್ಲಿ ಕಟ್ಟುನಿಟ್ಟು ಬೇಕೇ ಬೇಕು. ಆದರೆ ದೋಷವನ್ನು ತೋರಿಸಿದವನ ಮೇಲೆ ನಮ್ಮ ಕೋಪ ತಿರುಗಿದರೆ ಮುಂದಿನ ದೋಷ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮನುಷ್ಯನಿಗಾಗಿ ಕೆಲಸವೇ ಹೊರತು ಕೆಲಸಕ್ಕಾಗಿ ಮನುಷ್ಯನಲ್ಲ ಎಂಬುದು ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ಶ್ರಮದ ಕುರಿತು ಹೊರಡಿಸಿದ ವಿಶ್ವಪತ್ರದ ಮುಖ್ಯ ವಿಚಾರ. ನನಗೆ ಅದು ಅರ್ಥವಾದದ್ದು ಆ ಪೈಪುಗಳ ರಾಶಿಯ ಮುಂದೆ.

ಅನಂತರದ ವರ್ಷಗಳಲ್ಲಿ ನಾನೊಂದು ಅಭ್ಯಾಸ ಮಾಡಿಕೊಂಡೆ. ಯಾರಾದರೂ ದೋಷ ಹೇಳಿಕೊಂಡು ಬಂದರೆ "ಯಾರು ಮಾಡಿದ್ದು?" ಎಂದು ಮೊದಲು ಕೇಳುವುದನ್ನು ಬಿಟ್ಟೆ. "ಎಲ್ಲಿ, ತೋರಿಸು" ಎಂದು ಕೇಳತೊಡಗಿದೆ. ಸೀಮೆಸುಣ್ಣದ ಗುರುತುಗಳು ಹೆಚ್ಚಾದವು. ಕೆಲವು ದಿನ ಲೆಕ್ಕ ತಪ್ಪಿತು, ಬೈಗುಳವೂ ತಿಂದೆ.

ತಂದೆತಾಯಿಗಳೇ, ಮನೆಯೂ ಹೀಗೆಯೇ ಅಲ್ಲವೇ? ಕಡಿಮೆ ಅಂಕ ಬಂದ ಪಟ್ಟಿಯನ್ನು ಮಗು ಚೀಲದ ಅಡಿಯಲ್ಲಿ ಬಚ್ಚಿಟ್ಟರೆ ಸುಳ್ಳು ಹೇಳಿದೆಯೆಂದು ಅದನ್ನು ದಂಡಿಸುತ್ತೇವೆ. ಇದಕ್ಕೆ ಮೊದಲು ಅದು ನಿಜ ಹೇಳಿದ ದಿನ ನಾವೇನು ಮಾಡಿದ್ದೆವೆಂದು ನೆನಪಿಸಿಕೊಳ್ಳುವುದಿಲ್ಲ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವಾಗ ನಮ್ಮ ಸುಳ್ಳುಗಳನ್ನು ಎಣಿಸುತ್ತೇವೆ. ನಮಗೆ ಹೆದರಿ ಇತರರು ಹೇಳಿದ ಸುಳ್ಳುಗಳನ್ನೂ ಅವುಗಳ ಜೊತೆಗೆ ಎಣಿಸಬೇಡವೇ?

ಆ ಹುಡುಗ ಮುಂದೆ ಕೊಲ್ಲಿ ರಾಷ್ಟ್ರಕ್ಕೆ ಹೋದನೆಂದು ಕೇಳಿದೆ. ಅವನ ಆ ಒಂದು ವಾರದ ಸಂಬಳದ ಋಣ ಇಂದಿಗೂ ನನ್ನ ಮೇಲಿದೆ.