ಬ್ರೇಕು ಮೊದಲು, ಬಣ್ಣ ಆಮೇಲೆ

ಹಳೆಯದನ್ನು ಉಳಿಸಿಕೊಳ್ಳಬೇಕು ಎಂದು ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಸಭೆಗಳಲ್ಲಿ ಹೇಳುತ್ತೇವೆ, ಶಾಲೆಯಲ್ಲಿ ಮಕ್ಕಳಿಂದ ಪ್ರಬಂಧವನ್ನೂ ಬರೆಸುತ್ತೇವೆ. ಆದರೆ ಉಳಿಸಿಕೊಳ್ಳುವುದು ಎಂದರೇನು? ಇದ್ದ ಹಾಗೇ ಇಡುವುದೇ, ಕೆಲಸಕ್ಕೆ ಬರುವಂತೆ ಇಡುವುದೇ? ಕೈತುಂಬ ಹಣವಿರುವವರು ಈ ಪ್ರಶ್ನೆಗೆ ಉತ್ತರ ಹುಡುಕದೆಯೂ ಇರಬಹುದು. ಎರಡನ್ನೂ ಮಾಡಿಸಿಬಿಡುತ್ತಾರೆ. ನಮ್ಮಂಥವರಿಗೆ ಒಂದನ್ನು ಮಾಡಿಸಿದರೆ ಇನ್ನೊಂದನ್ನು ಬಿಡಬೇಕು. ಕಳೆದ ಒಂದು ವರ್ಷ ನಮ್ಮ ಮನೆಯಲ್ಲಿ ಈ ಪ್ರಶ್ನೆ ಒಂದು ಹಳೆಯ ಕಾರಿನ ರೂಪದಲ್ಲಿ ಬಂದು ಕುಳಿತಿತ್ತು.

ನನ್ನ ಮಾವನವರು ತಿರುಮಕೂಡಲು ನರಸೀಪುರದಲ್ಲಿ ಡಾಕ್ಟರಾಗಿದ್ದರು. ಅವರದು 1969ರ ಫಿಯಟ್ ಡಿಲೈಟ್. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ತಯಾರಿಸುತ್ತಿದ್ದ ಕಾರು. 1089 ಸಿ.ಸಿ. ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಇದೇ ಕಾರು ಮುಂದೆ ಪದ್ಮಿನಿ ಎಂಬ ಹೆಣ್ಣು ಹೆಸರು ಪಡೆದು 2000ದ ಸುಮಾರಿನವರೆಗೂ ತಯಾರಾಯಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಮೂಗೂರು, ತಲಕಾಡು, ಬನ್ನೂರಿನ ಕಡೆಯಿಂದ ಹೆರಿಗೆ ಕಷ್ಟವಾದ ಎಷ್ಟೋ ಹೆಣ್ಣುಮಕ್ಕಳನ್ನು ನಡುರಾತ್ರಿಯಲ್ಲಿ ಮೈಸೂರಿನ ಆಸ್ಪತ್ರೆಗೆ ಸಾಗಿಸಿದ್ದು ನಮ್ಮ ಈ ಫಿಯಟ್ಟು. ಮಾವನವರು ಹೋದ ಮೇಲೆ ಷೆಡ್ಡಿನಲ್ಲಿ ನಿಂತದ್ದು ನಿಂತೇ ಇತ್ತು. ನಮ್ಮನೆಯವರು ನಿವೃತ್ತರಾದಾಗ ಬಂದ ಹಣದಲ್ಲಿ 1,50,000 ರೂಪಾಯಿಯನ್ನು ಅದಕ್ಕೆಂದು ತೆಗೆದಿಟ್ಟರು. ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಮೊದಲೇ ಮಾತಾಗಿತ್ತು. ಕಾರು ಲಾರಿ ಹತ್ತಿ ನಂಜನಗೂಡಿನ ನಮ್ಮ ಮನೆಗೆ ಬಂತು. ಜೊತೆಯಲ್ಲೇ ಜಗಳವೂ ಬಂತು.

ನಮ್ಮನೆಯವರಿಗೆ ಅದನ್ನು 'ವಿಂಟೇಜ್' ಎಂದು ನೋಂದಣಿ ಮಾಡಿಸುವ ಆಸೆ. ಕೇಂದ್ರ ಸರ್ಕಾರ 2021ರಲ್ಲಿ ಇದಕ್ಕೆ ಪ್ರತ್ಯೇಕ ನಿಯಮ ಮಾಡಿದೆ. ಕಾರಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಿಗೆ ದೊಡ್ಡ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥವಕ್ಕಲ್ಲದೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಮಗನ ವಾದ ಇದಕ್ಕೆ ತದ್ವಿರುದ್ಧ. "ಹೊಸ ಎಂಜಿನ್ ಹಾಕ್ಸಿ, ಎ.ಸಿ. ಹಾಕ್ಸಿ, ಆರಾಮಾಗಿ ಓಡಾಡೋಣ" ಎಂದ. ಆರ್.ಟಿ.ಒ. ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ ಎಂದು ಅವರಪ್ಪ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಓದಿ ಹೇಳಿದರು. ಸೊಸೆ ಕೇಳಿದ್ದು ಒಂದೇ ಮಾತು: "ಅತ್ತೆ, ಇದ್ರಲ್ಲಿ ಸೀಟ್ ಬೆಲ್ಟ್ ಇಲ್ಲ. ಮಗೂನ ಹೇಗೆ ಕೂರಿಸೋದು?" ಬೆಲ್ಟು ಹಾಕಬೇಕಾದರೆ ಬಾಡಿಗೆ ತೂತು ಕೊರೆದು ಒಳಗಿನಿಂದ ಗಟ್ಟಿ ತಗಡು ಬೆಸೆಯಬೇಕು. "ಅಪ್ಪನ ಕಾರಿಗೆ ತೂತು ಕೊರೆಯೋದೇ!" ಎಂದು ನಮ್ಮನೆಯವರು ಊಟ ಬಿಟ್ಟು ಎದ್ದರು.

ಮೈಸೂರಿನಿಂದ ಕರೆಸಿದ ವಯಸ್ಸಾದ ಮೆಕ್ಯಾನಿಕ್ ಇದಾವುದಕ್ಕೂ ಕಿವಿಗೊಡಲಿಲ್ಲ. ಕಾರಿನ ಕೆಳಗೆ ಅರ್ಧ ಗಂಟೆ ಮಲಗಿ ನೋಡಿ, ಹೊರಗೆ ಬಂದು ಹೇಳಿದರು: "ಟೀಚರಮ್ಮ, ಗಾಡಿ ಓಡದಿದ್ರೆ ತಳ್ಳಬಹುದು. ನಿಲ್ಲದಿದ್ರೆ ಏನ್ ಮಾಡ್ತೀರಾ?" ಬಣ್ಣದ ಮಾತೇ ಬೇಡ, ಮೊದಲು ಬ್ರೇಕು, ಆಮೇಲೆ ತುಕ್ಕು ಹಿಡಿದ ನೆಲದ ತಗಡು, ಆಮೇಲೆ ವೈರಿಂಗು, ಪೆಟ್ರೋಲ್ ಪೈಪು ಎಂದರು. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಹಳೆಯ ಕಾರುಗಳ ರಬ್ಬರು ಅದಕ್ಕೆ ತಡೆಯುವುದಿಲ್ಲ. ಸೋರಿದರೆ ಬೆಂಕಿಯ ಭಯ.

ಅವರ ಮಾತು ನನಗೆ ತಕ್ಷಣ ಅರ್ಥವಾಯಿತು. ಹಿತ್ತಾಳೆ ಪಾತ್ರೆ ಇಟ್ಟುಕೊಂಡ ಯಾವ ಹೆಂಗಸಿಗಾದರೂ ಅರ್ಥವಾಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಹೊರಮೈಯ ಹೊಳಪನ್ನು ಬಂದವರೆಲ್ಲ ನೋಡುತ್ತಾರೆ. ಒಳಗಿನ ಕಲಾಯಿಯನ್ನು ಯಾರೂ ನೋಡುವುದಿಲ್ಲ. ಆದರೆ ಸಾರು ಕಿಲುಬದಂತೆ ಕಾಯುವುದು ಕಲಾಯಿ. ನಮ್ಮಮ್ಮ ತನ್ನ ಅಜ್ಜಿಯ ಪಾತ್ರೆಗೆ ಎಷ್ಟು ಸಲ ಕಲಾಯಿ ಹಾಕಿಸಿದ್ದಳೋ! ಅದರಿಂದ ಅದು ಅಜ್ಜಿಯ ಪಾತ್ರೆಯಲ್ಲ ಎಂದು ಯಾರೂ ಅನ್ನಲಿಲ್ಲ.

ಈ ಗೊಂದಲ ಬಹಳ ಹಳೆಯದು. ಗ್ರೀಕರ ವೀರ ಥೀಸಿಯಸ್‌ನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರಂತೆ. ಕೊಳೆತ ಹಲಗೆ ತೆಗೆದು ಹೊಸದನ್ನು ಹಾಕುತ್ತಾ ಹೋದಾಗ, ಇದು ಅದೇ ಹಡಗೋ ಬೇರೆಯೋ ಎಂದು ಪಂಡಿತರು ವಾದಕ್ಕಿಳಿದರು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮಲ್ಲೇ ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ರಥದ ಉದಾಹರಣೆ ಕೊಟ್ಟ. ಚಕ್ರ ರಥವೇ? ಅಲ್ಲ. ಅಚ್ಚು ರಥವೇ? ಅಲ್ಲ. ಇವನ್ನೆಲ್ಲ ಬಿಟ್ಟು ಬೇರೊಂದು ರಥವಿದೆಯೇ? ಅದೂ ಇಲ್ಲ. ಭಾಗಗಳು ಒಟ್ಟು ಸೇರಿದಾಗ ನಾವು ಕರೆಯುವ ಹೆಸರು ರಥ.

ನನಗೆ ಇನ್ನೂ ಹತ್ತಿರದ ಉದಾಹರಣೆ ನಮ್ಮೂರಲ್ಲೇ ಇದೆ. ಕಪಿಲೆಯ ಮೇಲಿನ ನಂಜನಗೂಡಿನ ಹಳೆಯ ಸೇತುವೆ 1735ರದು ಎನ್ನುತ್ತಾರೆ. ಗಾಡಿ-ಎತ್ತುಗಳ ಕಾಲದಲ್ಲಿ ಕಟ್ಟಿದ್ದರ ಮೇಲೆ ಮುಂದೆ ರೈಲು ಹಳಿಯನ್ನೇ ಹಾಸಿದರು. ಆಗ ಯಾರಾದರೂ ಮೂಲರೂಪ ಕೆಟ್ಟಿತು ಎಂದು ತಡೆದಿದ್ದರೆ ಅದು ಇಷ್ಟು ದಿನ ದುಡಿಯುತ್ತಲೇ ಇರಲಿಲ್ಲ. ಆದರೆ ಬ್ರಾಡ್‌ಗೇಜ್ ಬಂದಾಗ ಆ ಭಾರವನ್ನು ಅದರ ಮೇಲೆ ಹೊರಿಸಲಿಲ್ಲ. ಪಕ್ಕದಲ್ಲೇ ಹೊಸ ಸೇತುವೆ ಕಟ್ಟಿದರು. ಹಳೆಯದಕ್ಕೆ ಎಷ್ಟು ಸೇರಿಸಬಹುದು, ಎಲ್ಲಿ ನಿಲ್ಲಿಸಬೇಕು ಎರಡನ್ನೂ ಆ ಕಲ್ಲುಕಂಬಗಳು ಹೇಳುತ್ತಿವೆ. ಮಗನ ಹೊಸ ಎಂಜಿನ್ನು ಆ ಕಾರಿಗೆ ಬ್ರಾಡ್‌ಗೇಜೇ ಸರಿ.

ಹಾಗಾದರೆ ಇದ್ದ ಹಾಗೇ ಕಾಪಾಡುವುದು ತಪ್ಪೇ? ಖಂಡಿತ ಅಲ್ಲ. ಧರ್ಮಸ್ಥಳದ ಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಮಕ್ಕಳನ್ನು ಪ್ರವಾಸ ಕರೆದೊಯ್ದವಳು ನಾನು. ಅಲ್ಲಿ ಅವು ಪಾಠ ಹೇಳುವ ಕೆಲಸ ಮಾಡುತ್ತವೆ, ಅದಕ್ಕೆ ಮೂಲರೂಪವೇ ಬೇಕು. ಅದು ಸಂಗ್ರಹಾಲಯದ ಧರ್ಮ. ಮನೆಯ ಧರ್ಮ ಬೇರೆ.

ಇಷ್ಟೆಲ್ಲ ವಾದವನ್ನು ತೀರ್ಮಾನಿಸಿದ್ದು ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಸಿಕ್ಕ ಮಾವನವರ ಪುಟ್ಟ ನೋಟು ಪುಸ್ತಕ. ಕ್ಲಚ್ ಪ್ಲೇಟು, ಕಾರ್ಬುರೇಟರು, ರೇಡಿಯೇಟರು, ಯಾವುದನ್ನು ಯಾವ ವರ್ಷ ಬದಲಾಯಿಸಿದರು, ಎಷ್ಟು ಕೊಟ್ಟರು ಎಂದು ಡಾಕ್ಟರ ಅಕ್ಷರದಲ್ಲಿ ಬರೆದಿಟ್ಟಿದ್ದರು. ಎಂಬತ್ತೆರಡರ ನಮ್ಮತ್ತೆಗೆ ಓದಿ ಹೇಳಿದೆ. "ಹೂಂ ಕಣಮ್ಮ. ಒಂದ್ಸಲ ದಾರೀಲಿ ಕೆಟ್ಟು ನಿಂತು, ಆ ಹುಡುಗಿ ಉಳೀಲಿಲ್ಲ. ಆಮೇಲೆ ಸಣ್ಣ ಸದ್ದು ಬಂದ್ರೂ ಆ ಭಾಗಾನ ಕಿತ್ತು ಹಾಕ್ಸೋರು" ಎಂದರು. ನಮ್ಮನೆಯವರು ಮಾತಾಡಲಿಲ್ಲ. ಯಾವ 'ಅಪ್ಪನ ಕಾರಿ'ಗೆ ಕೈ ಹಚ್ಚಬಾರದು ಎಂದು ಹಟ ಹಿಡಿದಿದ್ದರೋ, ಆ ಕಾರನ್ನು ಅಪ್ಪನೇ ಒಂದು ದಿನವೂ ಇದ್ದ ಹಾಗೆ ಇಟ್ಟಿರಲಿಲ್ಲ. ಅವರು ಉಳಿಸಲು ಹೊರಟಿದ್ದು ಒಳಗೆ ಕೂತ ಜೀವವನ್ನು.

ಮರುವಾರವೇ ಬೆಲ್ಟಿಗೆ ತೂತು ಬಿತ್ತು. ನೆಲದ ತಗಡಿಗೆ 40,000, ಎಂಜಿನ್ನಿಗೆ 34,000, ಬ್ರೇಕಿಗೆ 20,000, ವೈರಿಂಗು ಮತ್ತು ಪೈಪುಗಳಿಗೆ 18,000, ಟೈರಿಗೆ 16,000, ಬೆಲ್ಟಿಗೆ 8,000. ಉಳಿದದ್ದು ನೋಂದಣಿ ನವೀಕರಣ, ವಿಮೆ. ಬಣ್ಣಕ್ಕೆ ಏನೂ ಉಳಿಯಲಿಲ್ಲ. ತೇಪೆ ಹಾಕಿದ ಮೈಯಲ್ಲೇ ಅದು ಓಡಾಡುತ್ತಿದೆ. ತೆಗೆದ ಹಳೆಯ ಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು, ಮಾವನವರ ಪುಸ್ತಕದಲ್ಲೇ ಹೊಸ ಪುಟಗಳಲ್ಲಿ ಎಲ್ಲವನ್ನೂ ನಾನು ಬರೆದಿದ್ದೇನೆ. ಬದಲಾಯಿಸುವುದರಲ್ಲಿ ದೋಷವಿಲ್ಲ; ಬದಲಾಯಿಸಿದ್ದನ್ನು ಮುಚ್ಚಿಟ್ಟು ಮೂಲದ್ದೇ ಎಂದು ಹೇಳಿಕೊಳ್ಳುವುದರಲ್ಲಿ ಇದೆ.

ಅಷ್ಟು ಹಣಕ್ಕೆ ಸೆಕೆಂಡ್ ಹ್ಯಾಂಡ್ ಮಾರುತಿಯೇ ಬರುತ್ತಿತ್ತಲ್ಲ ಎಂದು ನೀವು ಕೇಳಬಹುದು. ಬರುತ್ತಿತ್ತು. ಆದರೆ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎಂದು ಮನೆಮಂದಿಯೆಲ್ಲ ಕೂತು ಯೋಚಿಸುವ ಸಂದರ್ಭ ಬರುತ್ತಿರಲಿಲ್ಲ. ಮನೆಯ ಹಿರಿಯರ ವಿಷಯದಲ್ಲೂ ನಾವು ಎಷ್ಟೋ ಸಲ ಬಣ್ಣಕ್ಕೇ ಮೊದಲು ಹಣ ತೆಗೆಯುತ್ತೇವೆ. ಎಂಬತ್ತರ ಶಾಂತಿ ಮಾಡಿಸಿ, ಶಾಲು ಹೊದಿಸಿ, ಫೋಟೋ ತೆಗೆಸುತ್ತೇವೆ. ಬಚ್ಚಲಲ್ಲಿ ಕೈಗೆ ಆಸರೆಯಾಗಿ ಒಂದು ಕಬ್ಬಿಣದ ಕಂಬಿ ಹಾಕಿಸಲು ವರ್ಷಗಟ್ಟಲೆ ಮರೆಯುತ್ತೇವೆ. ಕಾರಿನ ಕೆಲಸ ಮುಗಿಸಿದ ವಾರವೇ ನಮ್ಮತ್ತೆಯ ಬಚ್ಚಲಿಗೆ ಕಂಬಿ ಬಂತು. ಮುನ್ನೂರೈವತ್ತು ರೂಪಾಯಿ. ಅದನ್ನು ಮಾತ್ರ ನನ್ನ ಸಂಬಳದಲ್ಲಿ ಕೊಟ್ಟೆ.